ಗಾಳವೇ ಕಾವಲಾದ ಕಾವೇರಿ

ಶಿವನಸಮುದ್ರದಲ್ಲಿ ಬಂಡೆಗಳಿಂದ ಧುಮುಕಿದ ಕಾವೇರಿ, ಅಲ್ಲಿಂದ ಮುಂದೆ ಊರುಗಳ ಕಣ್ಣು ತಪ್ಪಿಸಿ ಕಾಡಿನ ದಾರಿ ಹಿಡಿಯುತ್ತದೆ. ದೊಡ್ಡಮಾಕಳಿ, ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆಗಳನ್ನು ದಾಟಿ, ಅರ್ಕಾವತಿಯನ್ನು ಸಂಗಮದಲ್ಲಿ ಕೂಡಿಕೊಂಡು ಮೇಕೆದಾಟಿನ ಇಕ್ಕಟ್ಟಿಗೆ ನುಗ್ಗುತ್ತದೆ. ದಡದಲ್ಲಿ ಮತ್ತಿ, ಹೊಳೆಮತ್ತಿಯ ಮರಗಳು. ನೀರಿನಲ್ಲಿ ಮೊಸಳೆ, ನೀರುನಾಯಿ. ಸಂಜೆ ನೀರಿಗಿಳಿಯುವ ಆನೆಗಳ ಹಿಂಡು. ಕೆಲವು ವರ್ಷಗಳ ಹಿಂದಿನವರೆಗೆ ಈ ದಡದಲ್ಲಿ ಇನ್ನೊಂದು ದೃಶ್ಯವೂ ಕಾಣುತ್ತಿತ್ತು. ಲಂಡನ್ನಿನಿಂದಲೋ ಬರ್ಲಿನ್ನಿನಿಂದಲೋ ಬಂದ ಪ್ರವಾಸಿಯೊಬ್ಬ ಬಂಡೆಯ ಮೇಲೆ ಗಂಟೆಗಟ್ಟಲೆ ಕೂತಿರುತ್ತಿದ್ದ. ಕೈಯಲ್ಲಿ ದಪ್ಪ ಕೋಲು, ಕೋಲಿಗೆ ತಂಗೂಸಿ ದಾರ, ದಾರದ ತುದಿಯ ಗಾಳಕ್ಕೆ ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ.

ಮಂಡ್ಯ ಸೀಮೆಯ ರೈತ ಉಣ್ಣುವ ರಾಗಿಯನ್ನೇ ತಿನ್ನಲು ಬರುತ್ತಿದ್ದ ಆ ಮೀನಿಗೆ ಇಂಗ್ಲಿಷಿನಲ್ಲಿ ಮಹಶೀರ್ ಎಂದು ಹೆಸರು. ಕಾವೇರಿ ದಡದ ಬೆಸ್ತರ ಬಾಯಲ್ಲಿ ಅದು ಬಿಳಿ ಮೀನು. ಬೆನ್ನು ಡುಬ್ಬದಂತೆ ಉಬ್ಬಿರುವ, ರೆಕ್ಕೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುವ ಈ ಮೀನು ಐವತ್ತು ಕಿಲೋ ದಾಟಿ ಬೆಳೆದ ದಾಖಲೆಯಿದೆ. ಸಿಕ್ಕಿಬಿದ್ದ ಮೀನನ್ನು ತೂಗಿ, ಒಂದು ಫೋಟೋ ತೆಗೆಸಿಕೊಂಡು, ಪ್ರವಾಸಿ ಅದನ್ನು ಮತ್ತೆ ಹೊಳೆಗೇ ಬಿಟ್ಟುಬಿಡುತ್ತಿದ್ದ. ಹಿಡಿದದ್ದನ್ನು ಬಿಡುವುದಾದರೆ ಹಿಡಿಯುವುದೇಕೆ ಎಂದು ದಡದ ಹಳ್ಳಿಯವರಿಗೆ ಅಚ್ಚರಿ.

ಆ ಅಚ್ಚರಿಗೆ ಅರ್ಥವಿದೆ. ಆದರೆ ಕಾವೇರಿಯ ಈ ಪಾತ್ರದಲ್ಲಿ ಬಿಳಿ ಮೀನು ಉಳಿದುಕೊಂಡ ಕಥೆಯೂ, ಅಳಿವಿನಂಚಿಗೆ ಬಂದ ಕಥೆಯೂ ಆ ಗಾಳದ ದಾರಕ್ಕೇ ಸುತ್ತಿಕೊಂಡಿವೆ. ಮೀನು ಹಿಡಿಯುವ ಆಟ ಮೀನಿಗೆ ಕಾವಲಾದದ್ದು ಹೇಗೆ, ಆ ಕಾವಲಿನ ಕಣ್ಣಿಗೂ ಮಣ್ಣು ಬಿದ್ದದ್ದು ಎಲ್ಲಿ ಎಂಬುದನ್ನು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಚಾಲುಕ್ಯ ದೊರೆಯ ಮತ್ಸ್ಯವಿನೋದ

ಮನರಂಜನೆಗಾಗಿ ಗಾಳ ಹಾಕುವುದು ಬ್ರಿಟಿಷರು ತಂದ ಹವ್ಯಾಸ ಎಂಬ ನಂಬಿಕೆ ಸಾಮಾನ್ಯ. ಆದರೆ ಈ ನಾಡಿನಲ್ಲಿ ಅದಕ್ಕೆ ಸುಮಾರು ಒಂಬೈನೂರು ವರ್ಷಗಳ ಲಿಖಿತ ದಾಖಲೆಯಿದೆ. ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಗ್ರಂಥ ರಚಿಸಿದ. ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ರಾಜ್ಯಭಾರದಿಂದ ಹಿಡಿದು ಅಡುಗೆ, ಸಂಗೀತ, ಆನೆ, ಕುದುರೆಗಳವರೆಗೆ ರಾಜನೊಬ್ಬ ತಿಳಿದಿರಬೇಕಾದ ಎಲ್ಲ ಸಂಗತಿಗಳೂ ಇವೆ. ರಾಜನ ವಿನೋದಗಳನ್ನು ವರ್ಣಿಸುವ ಭಾಗದಲ್ಲಿ ಗಾಳ ಹಾಕಿ ಮೀನು ಹಿಡಿಯುವುದಕ್ಕೇ ಒಂದು ಅಧ್ಯಾಯ ಮೀಸಲು. ಅದೇ ಮತ್ಸ್ಯವಿನೋದ.

ಸೋಮೇಶ್ವರ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆ ಇರುವವು ಯಾವುವು, ಇಲ್ಲದವು ಯಾವುವು, ದೊಡ್ಡವು, ನಡುವಿನವು, ಸಣ್ಣವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಇಷ್ಟ, ಗಾಳ, ದಾರ, ಕೋಲು ಹೇಗಿರಬೇಕು ಎಂಬುದನ್ನೂ ಬಿಡುವುದಿಲ್ಲ. 1950ರ ದಶಕದ ಆರಂಭದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ಈ ಅಧ್ಯಾಯವನ್ನು ವಿದ್ವಾಂಸರ ಗಮನಕ್ಕೆ ತಂದರು. ಮೀನಿಗೆ ಮೊದಲು ತಿನಿಸು ಹಾಕಿ, ಅದರ ಸ್ವಭಾವ ತಿಳಿದು, ಆಮೇಲೆ ಗಾಳ ಹಾಕುವ ಕ್ರಮ ನಮ್ಮಲ್ಲಿ ಅಷ್ಟು ಹಿಂದೆಯೇ ರೂಪುಗೊಂಡಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ.

ರಾಜರ ವಿನೋದ ಒಂದೆಡೆಯಾದರೆ, ಜನರ ಭಕ್ತಿ ಇನ್ನೊಂದೆಡೆ. ಶೃಂಗೇರಿಯ ತುಂಗೆಯಲ್ಲಿ, ಹಾಸನ ಜಿಲ್ಲೆಯ ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಹೊಳೆಯಲ್ಲಿ ಮಹಶೀರ್ ಜಾತಿಯ ಮೀನುಗಳು ದೇವರ ಮೀನುಗಳು. ಅವಕ್ಕೆ ಅಕ್ಕಿ, ಮಂಡಕ್ಕಿ ಹಾಕುವವರುಂಟೇ ಹೊರತು ಗಾಳ ಹಾಕುವವರಿಲ್ಲ. ಕಾನೂನಿನ ಪುಸ್ತಕದಲ್ಲಿ 'ಅಭಯಾರಣ್ಯ' ಎಂಬ ಪದ ಬರುವುದಕ್ಕೆ ಬಹಳ ಮೊದಲೇ ದೇವಸ್ಥಾನದ ಮೆಟ್ಟಿಲಿನ ಬಳಿ ಮೀನಿಗೆ ಅಭಯ ಸಿಕ್ಕಿತ್ತು. ಆದರೆ ಆ ಅಭಯ ಆಚೆಯ ತಿರುವಿನವರೆಗೆ ಮಾತ್ರ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿದಾಗ ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಊರಿನವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಮಹಶೀರನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಹೆಗ್ಗಳಿಕೆ ಕರಾವಳಿಗೆ ಸಲ್ಲುತ್ತದೆ. ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಅವರ ವರದಿ 1870ರಲ್ಲಿ ಹೊರಬಂತು. ಮೂರು ವರ್ಷಗಳ ನಂತರ, 1873ರಲ್ಲಿ, 'ದಿ ರಾಡ್ ಇನ್ ಇಂಡಿಯಾ' ಎಂಬ ಅವರ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಗಾಳದ ಕೋಲು, ದಾರ, ಮೀನಿನ ಸ್ವಭಾವ, ನೀರುನಾಯಿಯ ಚೇಷ್ಟೆ ಎಲ್ಲವನ್ನೂ ಬಿಡಿಸಿ ಹೇಳುವ ಈ ಪುಸ್ತಕ ಮುಂದೆ ಲಂಡನ್ನಿನಲ್ಲಿಯೂ ಮರುಮುದ್ರಣ ಕಂಡಿತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಗಾಳಕ್ಕೆ ಸಿಕ್ಕಾಗ ಸೆಣಸುವುದರಲ್ಲಿ ಮಹಶೀರ್ ಇಂಗ್ಲಿಷರ ಅಚ್ಚುಮೆಚ್ಚಿನ ಸಾಲ್ಮನ್ ಮೀನನ್ನೂ ಮೀರಿಸುತ್ತದೆ ಎಂಬುದು ಥಾಮಸ್ ವಾದ. ಸಾಲ್ಮನ್ ಹಿಡಿಯುವುದನ್ನೇ ದೊಡ್ಡಸ್ತಿಕೆಯ ಲಕ್ಷಣ ಎಂದುಕೊಂಡಿದ್ದ ಸಮಾಜದಲ್ಲಿ ಈ ಮಾತು ಎಷ್ಟು ಕಿವಿ ನಿಮಿರಿಸಿರಬೇಕೆಂದು ಊಹಿಸಬಹುದು.

ಮಹಶೀರಿನ ಸೆಣಸಾಟಕ್ಕೆ ಕಾರಣವೂ ಇದೆ. ಕಲ್ಲುಬಂಡೆಗಳ ನಡುವೆ ರಭಸವಾಗಿ ಹರಿಯುವ, ಗಾಳಿ ಚೆನ್ನಾಗಿ ಬೆರೆತ ನೀರು ಅದಕ್ಕೆ ಬೇಕು. ಮಳೆಗಾಲದಲ್ಲಿ ಪ್ರವಾಹದ ಎದುರು ಈಜಿ ಮೇಲಣ ಹೊಳೆಗಳಿಗೆ ಹತ್ತಿ, ಜಲ್ಲಿಕಲ್ಲಿನ ನೆಲ ಹುಡುಕಿ ಮೊಟ್ಟೆಯಿಡುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗಿನ ಹಲ್ಲಿನಿಂದ ಏಡಿಯ ಚಿಪ್ಪನ್ನೂ ಪುಡಿ ಮಾಡುತ್ತದೆ. ಸೆಳವಿನ ವಿರುದ್ಧವೇ ಬದುಕುವ ಮೀನಿಗೆ ಗಾಳ ಕಚ್ಚಿದರೆ ಅದು ಸೆಳವನ್ನೇ ಬೆನ್ನಿಗೆ ಕಟ್ಟಿಕೊಂಡು ಓಡುತ್ತದೆ.

ಥಾಮಸ್ ಕಾಲದಲ್ಲೇ ಮೀನಿನ ನಾಶದ ಬಗ್ಗೆ ಆತಂಕವೂ ಶುರುವಾಗಿತ್ತು. ಕಾರೆಕಾಯಿಯಂಥ ಕಾಯಿಗಳನ್ನು ಜಜ್ಜಿ ನೀರಿಗೆ ಬೆರೆಸಿ ಮೀನು ಮೂರ್ಛೆ ಹೋಗುವಂತೆ ಮಾಡುವುದು, ಮರಿಗಳೂ ತಪ್ಪಿಸಿಕೊಳ್ಳಲಾಗದ ಸಣ್ಣ ಕಣ್ಣಿನ ಬಲೆ ಬೀಸುವುದು ಬಳಕೆಯಲ್ಲಿದ್ದವು. ಆಮೇಲೆ ಗಣಿ, ರಸ್ತೆ, ರೈಲು ಕಾಮಗಾರಿಗಳ ಜೊತೆ ಸಿಡಿಮದ್ದೂ ಬಂತು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯ್ದೆ 1897ರಲ್ಲಿ ಜಾರಿಗೆ ಬಂತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಟ್ಟೆಪಾಡಿಗೆ ಮೀನು ಹಿಡಿಯುವ ಬೆಸ್ತನನ್ನು ನಾಶಕನೆಂದೂ, ಹವ್ಯಾಸಕ್ಕೆ ಹಿಡಿಯುವ ಸಾಹೇಬನನ್ನು ರಕ್ಷಕನೆಂದೂ ನೋಡುವ ದೃಷ್ಟಿ ಆಗಲೇ ಬೇರೂರತೊಡಗಿತ್ತು. ಆ ಕಾಲದ ಸಾಹೇಬರು ಹಿಡಿದ ಮೀನನ್ನು ಹೊಳೆಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಹುಲಿಯ ತಲೆಯಂತೆಯೇ ಮಹಶೀರಿನ ತಲೆಯೂ ಬಂಗಲೆಯ ಗೋಡೆ ಏರುತ್ತಿತ್ತು.

120 ಪೌಂಡಿನ ದಾಖಲೆ

ಗೋಡೆಗೇರುವ ಆ ತಲೆಗಳನ್ನು ಹದ ಮಾಡುವ ಕಲೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬ ಜಗತ್ಪ್ರಸಿದ್ಧ. ಮಹಾರಾಜರು, ವೈಸ್‌ರಾಯ್‌ಗಳು ಬೇಟೆಯಾಡಿದ ಹುಲಿ, ಚಿರತೆಗಳು ಜೀವ ಬಂದಂತೆ ನಿಲ್ಲುತ್ತಿದ್ದುದು ಅವರ ಕಾರ್ಖಾನೆಯಲ್ಲಿ. ಆ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್‌ನಲ್ಲಿ ಕಬಿನಿ ಹೊಳೆಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಗಾಳಕ್ಕೆ ಸಿಕ್ಕ ಅತಿ ದೊಡ್ಡ ಮಹಶೀರ್ ಎಂದು ಇಂದಿಗೂ ಉಲ್ಲೇಖಿಸುವುದು ಇದನ್ನೇ.

ಆ ಮೀನು ಈಜಿದ ಕಬಿನಿಗೂ ಇಂದಿನ ಕಬಿನಿಗೂ ವ್ಯತ್ಯಾಸವಿದೆ. ಬೀಚನಹಳ್ಳಿಯ ಅಣೆಕಟ್ಟು ಆಗಿನ್ನೂ ಇರಲಿಲ್ಲ. ಆದರೆ ಕಾವೇರಿಯಲ್ಲಿ ಅಷ್ಟರಲ್ಲೇ ಬದಲಾವಣೆಯ ಗಾಳಿ ಬೀಸಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಹೊತ್ತಿಗೆ ಮೇಲೆದ್ದಿತು. ಕೆಳಗೆ ಮೆಟ್ಟೂರಿನ ಅಣೆಕಟ್ಟು 1934ರಲ್ಲಿ ಮುಗಿಯಿತು. ಬಯಲಿಗೆ ನೀರು, ಮನೆಗೆ ಬೆಳಕು ಕೊಟ್ಟ ಇದೇ ಕಟ್ಟೆಗಳು ಮೇಲಕ್ಕೆ ಈಜಿ ಮೊಟ್ಟೆಯಿಡುವ ಮೀನಿಗೆ ಗೋಡೆಗಳಾದವು. ಒಂದು ಕಾಲಕ್ಕೆ ಉದ್ದಕ್ಕೂ ಒಂದೇ ಆಗಿದ್ದ ಮೀನಿನ ಮನೆ ತುಂಡುತುಂಡಾಯಿತು. ಶಿವನಸಮುದ್ರದಿಂದ ಮೇಕೆದಾಟಿನವರೆಗಿನ ಕಾಡಿನ ಪಾತ್ರ ಹಾಗೆ ಉಳಿದ ದೊಡ್ಡ ತುಂಡುಗಳಲ್ಲಿ ಒಂದು.

ಮರೆತದ್ದು ಮತ್ತೆ ಸಿಕ್ಕಿತು

1947ರ ನಂತರ ಸಾಹೇಬರು ಹಡಗು ಹತ್ತಿದರು. ಅವರ ಪುಸ್ತಕಗಳು ಕಪಾಟು ಸೇರಿದವು. ಇಂಡಿಯಾದ ದೊಡ್ಡ ಮಹಶೀರ್ ಇನ್ನಿಲ್ಲವಾಯಿತು ಎಂಬ ಮಾತು ಇಂಗ್ಲೆಂಡಿನ ಗಾಳದ ಹವ್ಯಾಸಿಗಳ ವಲಯದಲ್ಲಿ ಹಬ್ಬಿತ್ತು. 1977-78ರಲ್ಲಿ ಮೂವರು ಆಂಗ್ಲ ಯುವಕರು 'ಟ್ರಾನ್ಸ್ ವರ್ಲ್ಡ್ ಫಿಶಿಂಗ್' ಎಂಬ ತಂಡ ಕಟ್ಟಿಕೊಂಡು ಭಾರತಕ್ಕೆ ಬಂದರು. ಕಾವೇರಿಯ ಈ ಕಾಡುಪಾತ್ರದಲ್ಲಿ ಅವರಿಗೆ ಸಿಕ್ಕ ಮೀನುಗಳ ಗಾತ್ರದ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದಾಗ, ಅಳಿದುಹೋಯಿತು ಎಂದುಕೊಂಡಿದ್ದ ಮೀನು ಮತ್ತೆ ಜೀವ ತಳೆದಂತಾಯಿತು. ಆನಂತರ ಹವ್ಯಾಸಿಗಳು ಒಬ್ಬರ ಹಿಂದೊಬ್ಬರು ಬರತೊಡಗಿದರು. ಮುಂದೆ 'ರಿವರ್ ಮಾನ್‌ಸ್ಟರ್ಸ್' ಟಿ.ವಿ. ಸರಣಿಯಿಂದ ಮನೆಮಾತಾದ ಜೆರೆಮಿ ವೇಡ್ ಮಹಶೀರನ್ನು ಹುಡುಕಿಕೊಂಡು ಭಾರತಕ್ಕೆ ಮೊದಲು ಬಂದದ್ದು 1982ರಲ್ಲಿ.

ಇಂಗ್ಲೆಂಡಿನವರು 'ಮತ್ತೆ ಕಂಡುಹಿಡಿದರು' ಎನ್ನುವಾಗ ನೆನಪಿಡಬೇಕಾದ ಸಂಗತಿಯೆಂದರೆ, ದಡದ ಬೆಸ್ತರಿಗೆ ಬಿಳಿ ಮೀನು ಕಳೆದುಹೋಗಿದ್ದೇ ಇಲ್ಲ. ಬೆಂಗಳೂರಿನ ಹವ್ಯಾಸಿಗಳಿಗೂ ಅದು ಗೊತ್ತಿತ್ತು. 1972ರಲ್ಲಿ ಹುಟ್ಟಿದ 'ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ' ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಕಾವಲುಗಾರರನ್ನು ನೇಮಿಸಿ, ಹಿಡಿದ ಮೀನನ್ನು ಬಿಡಲೇಬೇಕು ಎಂಬ ನಿಯಮ ತಂದಿತು. 1980ರಲ್ಲಿ ಸ್ಥಾಪನೆಯಾದ, ರಾಜ್ಯ ಸರ್ಕಾರದ 'ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್' ಸಂಸ್ಥೆ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸಿತು. 1987ರಲ್ಲಿ ಈ ಪ್ರದೇಶ ಕಾವೇರಿ ವನ್ಯಜೀವಿಧಾಮವಾಯಿತು. ವೀರಪ್ಪನ್ ಹೆಸರಿನಿಂದ ಕಾವೇರಿ ಕೊಳ್ಳದ ಕಾಡು ಪತ್ರಿಕೆಗಳ ಮುಖಪುಟದಲ್ಲಿದ್ದ ವರ್ಷಗಳಲ್ಲೂ ಮೀನು ಹುಡುಕುವವರ ಉತ್ಸಾಹ ಬತ್ತಲಿಲ್ಲ.

ಹಿಡಿ, ತೂಗು, ಬಿಡು

ಶಿಬಿರದ ದಿನಚರಿ ಸರಳ. ಬೆಳಿಗ್ಗೆ ಹರಿಗೋಲಿನಲ್ಲಿ ಅತಿಥಿಯನ್ನು ಬಂಡೆಯೊಂದಕ್ಕೆ ಕರೆದೊಯ್ಯುವುದು; ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ಉಂಡೆ ಕಟ್ಟುವುದು; ಎಲ್ಲಿ ಮಡು, ಎಲ್ಲಿ ಸೆಳವು, ಯಾವ ಬಂಡೆಯ ಸಂದಿಗೆ ಮೀನು ನುಗ್ಗಿ ದಾರ ಕತ್ತರಿಸುತ್ತದೆ ಎಂದು ಹೇಳಿಕೊಡುವುದು. ಇದೆಲ್ಲ ಸ್ಥಳೀಯ ಮಾರ್ಗದರ್ಶಿಗಳ ಕೆಲಸ. ದೊಡ್ಡ ಮೀನು ಕಚ್ಚಿದರೆ ಅದರ ಹಿಂದೆಯೇ ಹರಿಗೋಲು ಹಾಯಿಸಬೇಕು. ದಡಕ್ಕೆ ಬಂದ ಮೀನನ್ನು ನೀರಿನಿಂದ ಹೆಚ್ಚು ಹೊತ್ತು ಹೊರಗಿಡುವಂತಿಲ್ಲ. ತೂಕವನ್ನು ಪುಸ್ತಕದಲ್ಲಿ ಬರೆದು, ಅದು ಸುಧಾರಿಸಿಕೊಂಡ ಮೇಲೆ ಬಿಟ್ಟುಬಿಡಬೇಕು.

ಈ ಮಾರ್ಗದರ್ಶಿಗಳಲ್ಲಿ ಹಲವರು ಹಿಂದೆ ಇದೇ ಹೊಳೆಯಲ್ಲಿ ಕದ್ದು ಬಲೆ ಬೀಸಿದವರು, ತೋಟೆ ಸಿಡಿಸಿದವರು. ಮೀನು ಎಲ್ಲಿದೆ ಎಂದು ಅವರಷ್ಟು ಬಲ್ಲವರಿಲ್ಲ. ಕದಿಯುವವರ ದಾರಿಗಳೂ ಅವರಿಗೇ ಗೊತ್ತು. ಸತ್ತ ಮೀನನ್ನು ಒಮ್ಮೆ ಮಾತ್ರ ಮಾರಬಹುದು. ಬದುಕಿದ ಮೀನನ್ನು ಮತ್ತೆ ಮತ್ತೆ ಹಿಡಿಯಲು ಜನ ದುಡ್ಡು ಕೊಟ್ಟು ಬರುತ್ತಾರೆ ಎಂಬ ಲೆಕ್ಕಾಚಾರ ಅರ್ಥವಾದಾಗ ಕಳ್ಳಬೇಟೆಯ ಕೈ ಕಾವಲಿನ ಕೈಯಾಯಿತು. ಸಂಬಳ ಬಂತು, ಮಕ್ಕಳು ಶಾಲೆಗೆ ಹೋದರು. ರಾತ್ರಿ ದಡದಲ್ಲಿ ಬೆಳಕು ಕಂಡರೆ, ಸದ್ದು ಕೇಳಿದರೆ ಓಡಿಹೋಗಿ ನೋಡುವ ಜನ ಇದ್ದರು. ಅರಣ್ಯ ಇಲಾಖೆಯ ಕೆಲವೇ ಗಾರ್ಡುಗಳು ಕಾಯಲಾಗದಷ್ಟು ಉದ್ದದ ಹೊಳೆಗೆ ಗಾಳದ ಹವ್ಯಾಸ ತನ್ನ ಖರ್ಚಿನಲ್ಲೇ ಕಾವಲು ಒದಗಿಸಿತು.

ಒಳ್ಳೆಯ ಮನಸ್ಸಿನ ತಪ್ಪು

ಇಲ್ಲಿಗೆ ಕಥೆ ಮುಗಿದಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು. ಆದರೆ ಇನ್ನೊಂದು ಕಥೆ ಮಹಾರಾಷ್ಟ್ರದ ಲೋಣಾವಳದಲ್ಲಿ ಆರಂಭವಾಗಿತ್ತು. ಅಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ತಮ್ಮ ಜಲಾಶಯದ ಬಳಿ 1970ರ ದಶಕದಲ್ಲಿ ಮಹಶೀರ್ ಮರಿ ಮಾಡಿಸುವ ಕೇಂದ್ರ ನಡೆಸತೊಡಗಿದರು. ಅಳಿಯುತ್ತಿರುವ ಮೀನನ್ನು ಉಳಿಸುವುದೇ ಉದ್ದೇಶ. ಅಲ್ಲಿ ಹುಟ್ಟಿದ ಮರಿಗಳು ದೇಶದ ಹಲವು ನದಿ, ಕೆರೆಗಳಿಗೆ ಹೋದವು. ಕಾವೇರಿಗೂ ಬಂದವು.

ತೊಡಕು ಇದ್ದದ್ದು ಜಾತಿಯಲ್ಲಿ. ಲೋಣಾವಳದ ಮರಿಗಳು ನೀಲಿ ರೆಕ್ಕೆಯ ಮಹಶೀರಿನವು. ವಿಜ್ಞಾನಿಗಳು ಇದನ್ನು ಟಾರ್ ಖುದ್ರಿ ಎನ್ನುತ್ತಾರೆ. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆಯ ಹೊಳೆಗಳ ಮೀನನ್ನು ನೋಡಿ ವರ್ಣಿಸಿದ, ಕೃಷ್ಣೆಯ ಕಡೆಯ ಜಾತಿ ಅದು. ಕಾವೇರಿಯ ಡುಬ್ಬದ ಬಿಳಿ ಮೀನು ಬೇರೆ. ಆದರೆ ಆ ಕಾಲಕ್ಕೆ ಮಹಶೀರ್ ಎಂದರೆ ಮಹಶೀರ್. ಕೃಷ್ಣೆಯದಾದರೇನು, ಕಾವೇರಿಯದಾದರೇನು ಎಂಬ ಭಾವನೆ. ಹೊಳೆಗೆ ಮೀನು ತುಂಬಿದರೆ ಪುಣ್ಯದ ಕೆಲಸ ಎಂದು ಹವ್ಯಾಸಿಗಳೂ ಇಲಾಖೆಗಳೂ ಒಟ್ಟಾಗಿ ಸಂತೋಷಪಟ್ಟರು.

ತಪ್ಪು ಬೆಳಕಿಗೆ ಬಂದದ್ದು ಶಿಬಿರದ ಲೆಕ್ಕದ ಪುಸ್ತಕಗಳಿಂದಲೇ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಅತಿಥಿಗಳು ಹಿಡಿದು ಬಿಟ್ಟ ಮೀನುಗಳ ದಾಖಲೆಯನ್ನು ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತಿತರ ಸಂಶೋಧಕರು ಪರಿಶೀಲಿಸಿದರು. ಒಟ್ಟು 23,000 ಗಂಟೆಗಳಿಗೂ ಮಿಕ್ಕಿ ಗಾಳ ಹಾಕಿ ಹಿಡಿದ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕ ಅದು. ಸಣ್ಣ ಮರಿಯಿಂದ 46 ಕಿಲೋದ ದೈತ್ಯನವರೆಗೆ ಎಲ್ಲ ಗಾತ್ರದವೂ ಇದ್ದವು.

ಮೇಲ್ನೋಟಕ್ಕೆ ಲೆಕ್ಕ ಸಂತೋಷ ಕೊಡುವಂಥದ್ದೇ. ವರ್ಷದಿಂದ ವರ್ಷಕ್ಕೆ ಗಂಟೆಗೆ ಸಿಗುವ ಮೀನುಗಳ ಸಂಖ್ಯೆ ಏರುತ್ತಿತ್ತು, ಸರಾಸರಿ ತೂಕ ಇಳಿಯುತ್ತಿತ್ತು. ಅಂದರೆ ಮರಿಗಳು ಹೆಚ್ಚುತ್ತಿವೆ, ಕಾವಲು ಫಲ ಕೊಟ್ಟಿದೆ. ಆದರೆ ಅದೇ ಲೆಕ್ಕವನ್ನು ಬಣ್ಣದ ಪ್ರಕಾರ ಎರಡು ಮಾಡಿ ನೋಡಿದಾಗ ಚಿತ್ರ ತಲೆಕೆಳಗಾಯಿತು. ಹೆಚ್ಚುತ್ತಿದ್ದುದು ಹೊರಗಿನಿಂದ ಬಂದ ನೀಲಿ ರೆಕ್ಕೆಯ ಮೀನು. ಕಿತ್ತಳೆ ರೆಕ್ಕೆಯ ಬಿಳಿ ಮೀನು ವರ್ಷವರ್ಷಕ್ಕೂ ಅಪರೂಪವಾಗುತ್ತಾ ಹೋಗಿತ್ತು. ಸಿಕ್ಕವು ಮುದಿ ಮೀನುಗಳೇ, ಮರಿಗಳು ಕಾಣುತ್ತಿರಲಿಲ್ಲ. ಮನೆ ತುಂಬಿದೆ ಎಂದುಕೊಂಡಿದ್ದರು. ತುಂಬಿದವರು ನೆಂಟರು, ಮನೆಯವರು ಹೊರಟುಹೋಗುತ್ತಿದ್ದರು.

ನೀಲಿ ರೆಕ್ಕೆಯ ಮೀನೊಂದೇ ಇದಕ್ಕೆ ಕಾರಣ ಎನ್ನಲಾಗದು. ಅಣೆಕಟ್ಟುಗಳು, ಬೇಸಿಗೆಯಲ್ಲಿ ಬತ್ತುವ ಹರಿವು, ಮರಳು ಸಾಗಣೆ, ಸಿಡಿಮದ್ದು ಎಲ್ಲವೂ ತಮ್ಮ ಪಾಲು ಸಲ್ಲಿಸಿವೆ. ಆಹಾರಕ್ಕೂ ಮೊಟ್ಟೆಯಿಡುವ ಜಾಗಕ್ಕೂ ಎರಡು ಜಾತಿಗಳ ನಡುವೆ ಪೈಪೋಟಿ ನಡೆದಿರಬಹುದೆಂಬುದು ಸಂಶೋಧಕರ ಅಂದಾಜು. ಆದರೆ ಮಹಶೀರ್ ಉಳಿಸುವ ಹೆಸರಿನಲ್ಲೇ ಕಾವೇರಿಯ ಮಹಶೀರಿಗೆ ಸ್ಪರ್ಧಿಯನ್ನು ಕರೆತಂದದ್ದು ಮಾತ್ರ ಅಳಿಸಲಾಗದ ಸತ್ಯ.

ಹೆಸರಿಲ್ಲದ ಮೀನಿಗೆ ಹೆಸರು

ಇಂಥ ಎಡವಟ್ಟಿಗೆ ಒಂದು ಮೂಲ ಕಾರಣವಿತ್ತು. ಒಂದೂವರೆ ಶತಮಾನ ಜಗತ್ತಿನ ಹವ್ಯಾಸಿಗಳು ಬೆನ್ನಟ್ಟಿದ ಈ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಬಹುಕಾಲ ಇದನ್ನು ಟಾರ್ ಮುಸ್ಸುಲ್ಲಾ ಎಂದು ಕರೆಯುತ್ತಿದ್ದರು. ಸೈಕ್ಸ್ ಕೊಟ್ಟ ಆ ಹೆಸರು ಬೇರೊಂದು ಕುಲದ ಮೀನಿಗೆ ಸೇರಿದ್ದು ಎಂದು ಆಮೇಲೆ ಗೊತ್ತಾಯಿತು. ಹೆಸರಿಲ್ಲದ ಜಾತಿಯನ್ನು ಅಳಿವಿನ ಪಟ್ಟಿಗೆ ಸೇರಿಸುವುದಾದರೂ ಹೇಗೆ? ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಸಿಗುವುದುಂಟೇ?

ಕೊನೆಗೆ 2018ರಲ್ಲಿ ಸಂಶೋಧಕರ ತಂಡ ತಮಿಳುನಾಡಿನ ಮೊಯಾರ್ ನದಿಯಲ್ಲಿ ಸಿಕ್ಕ ಡುಬ್ಬದ ಮೀನುಗಳನ್ನು ಪರೀಕ್ಷಿಸಿ ಗಂಟು ಬಿಡಿಸಿತು. ಕೇರಳದ ಪಾಂಬಾರ್ ಹೊಳೆಯ ಮೀನನ್ನು ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಅದಕ್ಕೂ ಮೊದಲೇ ಟಾರ್ ರೇಮಾದೇವಿ ಎಂದು ವರ್ಣಿಸಿದ್ದರು. ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿ ಕೆ. ರೇಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಕಾವೇರಿಯ ಬಿಳಿ ಮೀನೂ ಅದೇ ಜಾತಿ ಎಂದು ತಂಡ ತೋರಿಸಿಕೊಟ್ಟಿತು. ಮೊಯಾರ್ ಭವಾನಿಗೆ ಸೇರುತ್ತದೆ, ಪಾಂಬಾರ್ ಅಮರಾವತಿಗೆ. ಭವಾನಿ, ಅಮರಾವತಿ ಎರಡೂ ಕಾವೇರಿಯ ಉಪನದಿಗಳು. ಕಾವೇರಿಯ ನೀರು ಬಿಟ್ಟರೆ ಈ ಮೀನಿಗೆ ಜಗತ್ತಿನಲ್ಲಿ ಬೇರೆ ಮನೆಯಿಲ್ಲ.

ಹೆಸರು ಸಿಕ್ಕ ಅದೇ ವರ್ಷದ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನು 'ತೀವ್ರ ಅಳಿವಿನಂಚಿನ' ಜೀವಿಗಳ ಪಟ್ಟಿಗೆ ಸೇರಿಸಿತು. ಕಾಡಿನಲ್ಲಿ ನಿರ್ನಾಮವಾಗುವುದಕ್ಕೆ ಒಂದೇ ಮೆಟ್ಟಿಲು ಹಿಂದಿನ ಸ್ಥಾನವದು. ನಾಮಕರಣವೂ ಅಪಾಯದ ಗಂಟೆಯೂ ಒಂದೇ ವರ್ಷ.

ಗಾಳ ನಿಂತ ಮೇಲೆ

ಅಷ್ಟರಲ್ಲಿ ಕಾವೇರಿಯ ದಡದಿಂದ ಗಾಳಗಳು ಎದ್ದು ಹೋಗಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಮನರಂಜನೆಗಾಗಿ ಮೀನು ಹಿಡಿಯುವುದೂ ಬೇಟೆಯೇ ಎಂಬ ನಿಲುವು ಬಲಗೊಂಡು, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತಿತು. ಶಿಬಿರಗಳು ಮುಚ್ಚಲಿಲ್ಲ, ಬರುವವರು ಈಗ ಹಕ್ಕಿ ನೋಡುತ್ತಾರೆ, ಕಾಡಿನಲ್ಲಿ ನಡೆಯುತ್ತಾರೆ. ಆದರೆ ಮೀನಿಗಾಗಿಯೇ ಬರುತ್ತಿದ್ದವರು ನಿಂತರು.

ನಿಷೇಧದ ಪರವಾಗಿ ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹುಲಿಯನ್ನು ಹಿಡಿದು, ತೂಗಿ, ಫೋಟೋ ತೆಗೆದು ಬಿಡುತ್ತೇವೆ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಮೀನಿಗೆ ಕೂಗಲು ಬಾಯಿಲ್ಲ ಎಂದ ಮಾತ್ರಕ್ಕೆ ಅದರ ನೋವು ಆಟವಾಗಬೇಕೇ? ಜನರ ಓಡಾಟದಿಂದ ದಡದ ನೀರುನಾಯಿ, ಆನೆಗಳಿಗೂ ತೊಂದರೆಯೇ. ಇನ್ನೊಂದು ಕಡೆಯವರ ಪ್ರಶ್ನೆಯೂ ಅಷ್ಟೇ ಮೊನಚಾದದ್ದು. ಹುಲಿಗೆ ಕಾವಲುಪಡೆಯಿದೆ, ಕ್ಯಾಮೆರಾ ಇದೆ, ಗಣತಿಯಿದೆ. ನೀರಿನೊಳಗಿನ ಮೀನನ್ನು ಎಣಿಸುವವರು ಯಾರು? ಹವ್ಯಾಸಿಯ ತೂಕದ ಪುಸ್ತಕ ಮುಚ್ಚಿದ ದಿನವೇ ಬಿಳಿ ಮೀನಿನ ಏಕೈಕ ಗಣತಿಯೂ ನಿಂತಿತು ಎಂಬುದು ಅವರ ಅಳಲು. ರಾತ್ರಿ ತೋಟೆಯ ಸದ್ದಿಗೆ ಎದ್ದು ಓಡುತ್ತಿದ್ದ ಮಾರ್ಗದರ್ಶಿಗೆ ಆ ಸದ್ದು ಈಗ ತನ್ನ ಸಂಬಳದ ವಿಷಯವಲ್ಲ.

ಎರಡೂ ವಾದಗಳಿಗೆ ಇತಿಹಾಸ ಒಂದೊಂದು ಪಾಠ ಹೇಳುತ್ತದೆ. ಕಾವಲು ಕಾಗದದ ಮೇಲಿದ್ದರೆ ಸಾಲದು. ಮೀನು ಬದುಕಿರುವುದರಿಂದ ದಡದ ಜನರಿಗೆ ಅನ್ನ ಸಿಕ್ಕಾಗ ಮಾತ್ರ ಹೊಳೆ ಕಾಯುವ ಕೈಗಳು ಸಿಕ್ಕವು. ಇದು ನಿಷೇಧ ತಂದವರು ನೆನಪಿಡಬೇಕಾದ ಪಾಠ. ಹಾಗೆಯೇ ಕಾಯುವ ಪ್ರೀತಿಯೊಂದೇ ಸಾಲದು, ಕಾಯುತ್ತಿರುವುದು ಏನನ್ನು ಎಂಬ ತಿಳಿವಳಿಕೆಯೂ ಬೇಕು. ಹೊಳೆ ತುಂಬ ಮೀನಿದ್ದೂ ಹೊಳೆಯ ಮೀನು ಕಾಣೆಯಾದದ್ದು ಹವ್ಯಾಸಿಗಳು ಮರೆಯಬಾರದ ಪಾಠ. ಒಂಬೈನೂರು ವರ್ಷಗಳ ಹಿಂದೆ ಸೋಮೇಶ್ವರ ಮಾಡಿದ ಮೊದಲ ಕೆಲಸ ಮೀನುಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಹೆಸರಿಡುವುದು. ಲೋಣಾವಳದ ಮರಿಗಳನ್ನು ಕಾವೇರಿಗೆ ಸುರಿದವರು ಬಿಟ್ಟುಬಿಟ್ಟದ್ದು ಅದನ್ನೇ.

ಮೇಕೆದಾಟಿನ ಬಳಿ ಅಣೆಕಟ್ಟೆ ಕಟ್ಟುವ ಪ್ರಸ್ತಾವದ ಚರ್ಚೆ ವರ್ಷಗಳಿಂದ ನಡೆದಿದೆ. ಆ ಚರ್ಚೆಯಲ್ಲಿ ಕರ್ನಾಟಕದ ಪಾಲೆಷ್ಟು, ತಮಿಳುನಾಡಿನ ಪಾಲೆಷ್ಟು, ಬೆಂಗಳೂರಿನ ನಲ್ಲಿಗೆಷ್ಟು ಎಂಬ ಲೆಕ್ಕ ಟಿಎಂಸಿಗಳಲ್ಲಿ ನಡೆಯುತ್ತದೆ. ಹರಿಯುವ ನೀರೇ ಮನೆಯಾದ ಬಿಳಿ ಮೀನಿನ ಪಾಲು ಆ ಲೆಕ್ಕದಲ್ಲಿ ಅಪರೂಪಕ್ಕೂ ಬರುವುದಿಲ್ಲ.

ಭೀಮೇಶ್ವರಿಯ ಬಂಡೆಗಳ ಮೇಲೆ ಈಗ ಗಾಳ ಹಿಡಿದು ಕೂತವರಿಲ್ಲ. ಕೆಳಗಿನ ಮಡುವಿನಲ್ಲಿ ನೀರು ಮೊದಲಿನಂತೆಯೇ ಕಪ್ಪಾಗಿ ಸುತ್ತುತ್ತದೆ. ಅದರೊಳಗೆ ಸುಳಿದಾಡುವ ನೆರಳು ನೀಲಿ ರೆಕ್ಕೆಯದೋ, ಕಿತ್ತಳೆ ರೆಕ್ಕೆಯದೋ ಎಂದು ದಡದಲ್ಲಿ ನಿಂತವರಿಗೆ ಹೇಳಲು ಬಾರದು. ಗಾಳ ಬೇಕೋ ಬೇಡವೋ ಎಂಬ ಜಗಳ ಹೇಗೇ ಇತ್ಯರ್ಥವಾಗಲಿ, ಅದನ್ನು ನೋಡಿ, ಎಣಿಸಿ, ಬರೆದಿಡುವ ಕೆಲಸವನ್ನಾದರೂ ಯಾರಾದರೂ ಬೇಗ ಮತ್ತೆ ಕೈಗೆತ್ತಿಕೊಳ್ಳಬೇಕಾಗಿದೆ.